ಗುಡ್ಡದವರ ಕಸ

ಗುಡ್ಡದವರು ಕಸ ಕೊಡುತ್ತಿರಲಿಲ್ಲ.

ಬಕೆಟ್ಟುಗಳನ್ನೇನೋ ಇಡುತ್ತಿದ್ದರು. ಪುರಸಭೆ ಹಂಚಿದ್ದ ಬಕೆಟ್ಟುಗಳು, ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ, ಗಾಡಿ ಬರುವ ಹೊತ್ತಿಗೆ ಬಾಗಿಲ ಮುಂದೆ ಜೋಡಿಯಾಗಿ ಕೂತಿರುತ್ತಿದ್ದವು. ಹಸಿರಿನಲ್ಲಿ ಏನೂ ಇರುತ್ತಿರಲಿಲ್ಲ. ನೀಲಿಯಲ್ಲಿ ಬಿಸ್ಕತ್ತಿನ ಖಾಲಿ ಪೊಟ್ಟಣ, ಸೋಪಿನ ಕಾಗದ, ತೊಳೆದು ಒಣಗಿಸಿದ ಹಾಲಿನ ಕವರು. ಪೇಟೆಯ ಅಂಗಡಿಗಳ ಮುಂದೆ ಬಿದ್ದದ್ದನ್ನು ಆರಿಸಿ ತಂದು ಹಾಕುತ್ತಿದ್ದಾರೆಂದು ಗಂಟೆಮ್ಮನಿಗೆ ತಿಳಿಯಲು ಬಹಳ ದಿನ ಹಿಡಿಯಲಿಲ್ಲ.

"ಪೇಟೆ ಕಸಾನ ಹವಾ ಬದಲಾಯಿಸೋಕೆ ಗುಡ್ಡಕ್ಕೆ ಕರ್ಕೊಂಡು ಬಂದು ವಾಪಸ್ ಕಳಿಸ್ತಾರೆ ನಿಮ್ಮೋರು," ಎಂದ ಗಾಡಿಯ ಡ್ರೈವರು. "ಡೀಸೆಲ್ ಮಾತ್ರ ನಮ್ದು."

ಗಂಟೆಮ್ಮ ನಗಲಿಲ್ಲ. ಅವಳೂ ಗುಡ್ಡದವಳೇ. ಗಾಡಿಯ ಹಿಂದೆ ನಿಂತು ಗಂಟೆ ಬಾರಿಸುವ ಕೆಲಸ ಸಿಕ್ಕಮೇಲೆ ಅವಳ ನಿಜವಾದ ಹೆಸರನ್ನು ಎಲ್ಲರೂ ಮರೆತಿದ್ದರು. ಕೆಲವರು ಬೇಕೆಂದೇ ಮರೆತಿದ್ದರು.

ಪೇಟೆ ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನಿಂದ ಗುಡ್ಡದವರು ಗುಡ್ಡದಲ್ಲಿದ್ದರು. ಇಷ್ಟು ಕಾಲ ಅತ್ತ ತಲೆಹಾಕದ ಪುರಸಭೆಗೆ ಈಗ ಅವರೊಂದಿಗೆ ಸಂಬಂಧ ಬೆಳೆಸುವ ಮನಸ್ಸು ಬಂದಿತ್ತು. ಮೊದಲು ಕಸದ ಗಾಡಿ, ಆಮೇಲೆ ನಲ್ಲಿ, ಆಮೇಲೆ ನರ್ಸು. ಗಾಡಿಯ ಮೇಲೆ ಅವರ ಪೈಕಿಯವರೇ ಒಬ್ಬರು ಇದ್ದರೆ ಚೆನ್ನ ಎಂದು ಇವಳನ್ನು ತೆಗೆದುಕೊಂಡಿದ್ದರು.

"ಕೊಡೋದು ಬಿಟ್ಟು ತಗೊಂಡು ಹೋಗೋದ್ರಿಂದ ಶುರು ಮಾಡಿದ್ದಾರೆ ನೋಡು," ಎಂದಿದ್ದಳು ದೊಡ್ಡಮ್ಮ.

"ಕಸ ತಾನೆ ದೊಡ್ಡಮ್ಮ."

"ಕಸದಲ್ಲೇ ಕಣೆ ಮನೆ ಇರೋದು. ಏನು ತಿಂದ್ವಿ, ಯಾರು ಮಲಗಿದ್ದಾರೆ, ಯಾರು ಬಸುರಿ, ಎಲ್ಲಾ ಅದರಲ್ಲೇ ಇರುತ್ತೆ. ಗಂಟೆ ಹೊಡೆದು ಕೇಳಿದ್ರೆ ಕೊಟ್ಟುಬಿಡಬೇಕಾ?"

ತಾಯಿಯಿಲ್ಲದ ಗಂಟೆಮ್ಮನನ್ನು ಸಾಕಿದ್ದು ದೊಡ್ಡಮ್ಮ. ದೊಡ್ಡಪ್ಪನ ವಿಷಯವನ್ನು ಹೇಳಿಸಿಕೊಳ್ಳುವ ಅಗತ್ಯ ಅವಳಿಗಿರಲಿಲ್ಲ. ಒಂದು ವರ್ಷ ಇದೇ ಪುರಸಭೆಯಿಂದ ಸೊಳ್ಳೆ ಔಷಧಿ ಹೊಡೆಯುವವರು ಬಂದಿದ್ದರು. ಮರ್ಯಾದಸ್ಥರು. ನೀರು ಕೇಳಿ ಕುಡಿದರು, ಹಿತ್ತಿಲಿಗೆಲ್ಲ ಹೊಗೆ ಬಿಟ್ಟರು, ಹೋದರು. ಮರುದಿನ ಅರಣ್ಯ ಇಲಾಖೆಯ ಜೀಪು ನೆಟ್ಟಗೆ ಬಂದದ್ದು ದೊಡ್ಡಪ್ಪನ ಬೂದಿಗುಂಡಿಗೆ. ಅದರೊಳಗಿಂದ ಜಿಂಕೆ ಚರ್ಮದ ತುಂಡು ಎತ್ತಿದರು. ಜೈಲಿನಿಂದ ದೊಡ್ಡಪ್ಪ ತಿರುಗಿ ಬಂದನೇನೋ ನಿಜ. ಬಂದವನು ಗೋಡೆಗೆ ಮುಖ ಮಾಡಿ ಮಲಗಿದ; ಏಳಲಿಲ್ಲ.

"ನಮ್ಮ ಮನೆ ಮೂಳೆ ಅವರ ಕೈಗೆ ಸಿಕ್ಕಿದ ದಿನ," ಎಂದು ದೊಡ್ಡಮ್ಮ ಗಾಡಿಯ ಕೆಲಸದ ಮೊದಲ ದಿನವೇ ಹೇಳಿಬಿಟ್ಟಿದ್ದಳು, "ನೀನು ಈ ಹೊಸ್ತಿಲು ತುಳಿಯಬೇಡ."

ಕಸ ಬೇರೆ ಮಾಡುವ ಶೆಡ್ಡು ಹೊಳೆಯಾಚೆ ಇತ್ತು. ತಗಡಿನ ಸೂರು, ಸಿಮೆಂಟಿನ ಉದ್ದ ಕಟ್ಟೆ, ಹಿಂದೆ ಗೊಬ್ಬರದ ಗುಂಡಿಗಳು. ಅದನ್ನು ನೋಡಿಕೊಳ್ಳುವ ಮೇಡಂ ಗುಡ್ಡದ ಬಕೆಟ್ಟುಗಳನ್ನು ಒಂದು ದಿನ ತಾನೇ ಮಗುಚಿ ನೋಡಿದಳು.

"ಗುಡ್ಡದವರು ಏನಮ್ಮ ತಿಂತಾರೆ? ಒಂದು ಸಿಪ್ಪೆ ಇಲ್ಲ, ಒಂದು ಮೂಳೆ ಇಲ್ಲ."

ಮೂಳೆ ಎಂಬ ಮಾತು ಗಂಟೆಮ್ಮನ ಕಿವಿಯಲ್ಲಿ ಕೂತಿತು.

"ಹಸಿ ಕಸ ಬರದೆ ಹೋದ್ರೆ ಆ ಕಡೆ ಗಾಡಿ ನಿಲ್ಲಿಸಿ ಅಂತಿದ್ದಾರೆ ಅಧ್ಯಕ್ಷರು," ಎಂದಳು ಮೇಡಂ. "ನಲ್ಲಿ, ನರ್ಸು ಎಲ್ಲಾ ಆಮೇಲೆ ಆ ಕಡೆ ಬಂದಂಗೇ. ಸ್ವಲ್ಪ ಹೇಳು ನಿಮ್ಮೋರಿಗೆ."

ಗಂಟೆಮ್ಮ ಹೋಗಿ ಹೇಳಿದಳು, ಮೂಳೆಯ ಮಾತನ್ನೂ ಬಿಡದೆ. ದೊಡ್ಡಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಮೂಳೆ ಬೇಕಂತಾ?" ಎಂದಷ್ಟೇ ಕೇಳಿ, ಮತ್ತೆ ಅಗಿಯತೊಡಗಿದಳು.

ಮುಂದಿನ ಶುಕ್ರವಾರ ದೊಡ್ಡಮ್ಮನ ಹಸಿರು ಬಕೆಟ್ಟು ಭಾರವಾಗಿತ್ತು. ಒಳಗೆ ಎಲೆಯಲ್ಲಿ ಸುತ್ತಿ ನಾರಿನಿಂದ ಬಿಗಿದ ಒಂದು ಗಂಟು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ಗಂಟೆಮ್ಮ ತಲೆಯೆತ್ತಿದಳು. ದೊಡ್ಡಮ್ಮ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತು, ಯಾರದೋ ಮನೆಯ ಕಸವೆಂಬಂತೆ ಬೇರೆ ಕಡೆ ನೋಡುತ್ತಿದ್ದಳು.

ಮುದುಕಿಗೆ ತಲೆ ಕೆಟ್ಟಿದೆ, ಅಂದುಕೊಂಡಳು. ಇಲ್ಲವೇ ನನ್ನ ಕೆಲಸ ಉಳಿಯಲೆಂದು ತನ್ನ ಕುತ್ತಿಗೆ ಕೊಡುತ್ತಿದ್ದಾಳೆ. ಗಾಡಿ ಸೇತುವೆ ಹತ್ತಿದಾಗ ಆ ಗಂಟನ್ನು ಬಿಚ್ಚದೆ ಹೊಳೆಗೆ ಎಸೆದಳು. ಗಾಡಿಯ ಕನ್ನಡಿಯಲ್ಲಿ ಡ್ರೈವರನ ಕಣ್ಣು ಕಂಡಿತು. ಅವನು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ವಾರವಿಡೀ ದೊಡ್ಡಮ್ಮ ಜಗಲಿ ಬಿಟ್ಟು ಕದಲಲಿಲ್ಲ. ದಾರಿಯಲ್ಲಿ ಧೂಳೆದ್ದರೆ ಕತ್ತು ನೀಳ ಮಾಡುತ್ತಿದ್ದಳು. ಜೀಪು ಬರಲಿಲ್ಲ. ಕೊನೆಗೊಂದು ಸಂಜೆ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿಕೊಂಡಳು.

"ಕಟುಕನ ಹತ್ರ ಆಡಿನ ಚರ್ಮ ತಂದು, ಸುಟ್ಟು, ಕಟ್ಟಿ ಕೊಟ್ಟಿದ್ದೆ ಕಣ್ರೇ. ಜೀಪಿನೋರಿಗೆ ಸುಟ್ಟ ಕೂದಲು ಸಿಕ್ರೆ ಸಾಕು, ಆಡೋ ಜಿಂಕೆಯೋ ನೋಡಲ್ಲ, ಓಡಿ ಬರ್ತಾರೆ. ಬಂದ್ರೆ ಕಟುಕನ್ನ ಸಾಕ್ಷಿಗೆ ಕರೆಯೋಣ ಅಂತಿದ್ದೆ. ಬರಲೇ ಇಲ್ಲ! ಆ ಮೇಡಮ್ಮ ಚಾಡಿ ಹೇಳೋಳಲ್ಲ. ಕೊಡ್ರಿ ಕಸ."

ಎಲ್ಲರೂ ಗಂಟೆಮ್ಮನ ಕಡೆ ನೋಡಿ ನಕ್ಕರು. ಎಷ್ಟೋ ದಿನದ ಮೇಲೆ ಒಬ್ಬಳು ಅವಳ ಹೆಸರು ಹಿಡಿದು ಕರೆದಳು. ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ.

ಮುಂದಿನ ಸರದಿಯಲ್ಲಿ ಬಕೆಟ್ಟುಗಳು ತುಂಬಿ ತುಳುಕುತ್ತಿದ್ದವು. ಸಿಪ್ಪೆ, ಬೂದಿ, ಹಳಸಿದ ಅನ್ನ, ಹರಿದ ಬಟ್ಟೆ. ಮೇಲಿನ ಸಾಲಿನ ಒಂದು ಬಕೆಟ್ಟಿನಲ್ಲಿ, ಬೂದಿಯ ಕೆಳಗೆ, ಕಾಡುಹಂದಿಯ ದವಡೆ. ಇನ್ನೊಂದರಲ್ಲಿ ಜಿಂಕೆಯ ಗೊರಸು. ಹೊಳೆ ಪಾಲಾದ ಪರೀಕ್ಷೆಯೊಂದನ್ನು ನಂಬಿ ಇಡೀ ಗುಡ್ಡ ತನ್ನ ಒಳಗನ್ನೆಲ್ಲ ಬಕೆಟ್ಟು ಸಮೇತ ಗಾಡಿಗೆ ಹತ್ತಿಸಿತ್ತು.

ಸೇತುವೆ ಬಂದಾಗ ಡ್ರೈವರು ತಾನಾಗಿಯೇ ಗಾಡಿ ನಿಧಾನ ಮಾಡಿದ.

"ಏನಮ್ಮ, ಇವತ್ತು ಇಷ್ಟೂ ಹೊಳೆಗೇನಾ? ಮೀನುಗಳು ದೂರು ಕೊಡ್ತಾವೆ."

"ಅಣ್ಣ, ಅವತ್ತಿಂದು ಯಾರಿಗಾದ್ರೂ ಹೇಳಿದ್ಯಾ?"

"ನಾನ್ಯಾಕೆ ಹೇಳಲಿ? ಎಸೆದೋಳು ನೀನು."

ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಅವನಿಗೂ ಮೇಡಮ್ಮನಿಗೂ ಎಷ್ಟು ಮಾತಿದೆಯೋ ಯಾರಿಗೆ ಗೊತ್ತು.

"ಗಾಡಿ ತಿರುಗಿಸು," ಎಂದಳು.

ತುಂಬಿದ ಗಾಡಿ ಗುಡ್ಡಕ್ಕೆ ಮರಳಿ ಬಂದದ್ದನ್ನು ಕಂಡು ದೊಡ್ಡಮ್ಮ ಜಗಲಿಯಿಂದ ಇಳಿದಳು. ಗಂಟೆಮ್ಮ ಒಂದೇ ಉಸಿರಿಗೆ ಹೇಳಿಬಿಟ್ಟಳು. ನಿನ್ನ ಗಂಟು ಶೆಡ್ಡು ಮುಟ್ಟಲೇ ಇಲ್ಲ, ನಾನೇ ಹೊಳೆಗೆ ಹಾಕಿದೆ, ಮೇಡಮ್ಮ ಎಂಥವಳೋ ನನಗೂ ಗೊತ್ತಿಲ್ಲ.

ದೊಡ್ಡಮ್ಮ ಅವಳನ್ನೇ ನೋಡಿದಳು. ಕೈಯೆತ್ತುತ್ತಾಳೆಂದು ಗಂಟೆಮ್ಮ ಕಣ್ಣು ಮುಚ್ಚಿದಳು.

"ಆ ಚರ್ಮಕ್ಕೆ ಕಟುಕನ ಹತ್ರ ಎಷ್ಟು ಗೋಗರೆದಿದ್ದೆ ಗೊತ್ತಾ? ಮುಂಡೇದೇ," ಎಂದಳು ದೊಡ್ಡಮ್ಮ. "ನನ್ನ ಕಾಪಾಡೋಕೆ ಹೋಗಿ ಊರನ್ನೇ ಸಿಕ್ಕಿಸ್ತಿದ್ದೆಯಲ್ಲೇ." ಆಮೇಲೆ ಗಾಡಿಯ ಸುತ್ತ ನಡೆದು ಕೂಗಿದಳು: "ಬನ್ರೇ, ನಿಮ್ಮ ನಿಮ್ಮದು ಎತ್ಕೊಳ್ರೇ! ನಂದೊಂದು ಇರಲಿ. ನಾನೇ ಕೊಟ್ಟು ಬರ್ತೀನಿ."

ತನ್ನ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರನ ಪಕ್ಕ ಕೂತಳು. ದಾರಿಯುದ್ದಕ್ಕೂ ಅವನ ಒಂದು ತಮಾಷೆಗೂ ಹೂಂಗುಟ್ಟಲಿಲ್ಲ.

ಶೆಡ್ಡಿನಲ್ಲಿ ಬಕೆಟ್ಟನ್ನು ತಾನೇ ಕಟ್ಟೆಯ ಮೇಲೆ ಸುರಿದಳು. ಸಿಪ್ಪೆ, ಬೂದಿ, ಒಂದಷ್ಟು ಮೂಳೆ. ಸುರಿದವಳು ಕಸ ನೋಡಲಿಲ್ಲ. ಮೇಡಮ್ಮನ ಮುಖ ನೋಡಿದಳು. ಮೇಡಂ ಕೈಗವಸು ಹಾಕಿದ ಕೈಯಲ್ಲಿ ಸಿಪ್ಪೆಯನ್ನು ಒಂದು ಕಡೆ, ಮೂಳೆಯನ್ನು ಇನ್ನೊಂದು ಕಡೆ ತಳ್ಳಿದಳು.

"ಬೂದೀನ ಬೇರೆ ಕೊಡಬೇಕಮ್ಮ, ಇದರಲ್ಲಿ ಹಾಕಬಾರದು."

"ಯಾವ ಪ್ರಾಣೀದು ಅಂತ ಕೇಳಲ್ವಾ?"

"ಬೇಗ ಕೊಳೆಯುತ್ತೋ ಇಲ್ವೋ, ನಂಗೆ ಬೇಕಾಗಿರೋದು ಅಷ್ಟೇ."

"ಮತ್ತೆ ಏನು ತಿಂತಾರೆ ಅಂತ ಇವಳನ್ನ ಕೇಳಿದ್ಯಂತೆ?"

ಮೇಡಂ ಗಂಟೆಮ್ಮನ ಕಡೆ ನೋಡಿದಳು. "ಗೊಬ್ಬರದ ಗುಂಡಿ ಎಷ್ಟು ದೊಡ್ಡದು ತೆಗೆಸಬೇಕು ಅಂತ ಕೇಳಿದ್ದು."

"ಸರಿ. ಜೀಪಿನೋರು ಬಂದು ಕೇಳಿದ್ರೆ ಏನಂತೀಯ?"

"ಅವರು ಇಲ್ಲಿಗೆ ಯಾಕೆ ಬರ್ತಾರೆ?"

"ಬಂದ್ರೆ?"

ಮೇಡಂ ಕೈಗವಸು ಕಳಚಿದಳು. ಡ್ರೈವರು ಬೀಡಿ ಹಚ್ಚುವವನು ಹಾಗೇ ನಿಂತ.

"ಬರೆದು ಕೊಡಿ ಅಂತೀನಿ."

"ಬರೆದೇ ಕೊಟ್ರೆ?"

ಮೇಡಂ ಕಳಚಿದ ಕೈಗವಸನ್ನು ಕಟ್ಟೆಯ ಮೇಲಿಟ್ಟಳು. "ತೋರಿಸಬೇಕಾಗುತ್ತಮ್ಮ," ಎಂದಳು. "ನಂದು ಸರ್ಕಾರಿ ಕೆಲಸ. ತೋರಿಸಲ್ಲ ಅಂತ ನಿಮಗೆ ಸುಳ್ಳು ಹೇಳಿ ನಿಮ್ಮ ಮನೆ ಕೆಡಿಸಲಾರೆ."

ಎಲ್ಲ ಮುಗಿಯಿತು, ನಲ್ಲಿ, ನರ್ಸು, ತನ್ನ ಕೆಲಸ, ಅಂದುಕೊಂಡಳು ಗಂಟೆಮ್ಮ. ಆದರೆ ದೊಡ್ಡಮ್ಮನ ಬಿಗಿದ ಭುಜ ಸ್ವಲ್ಪ ಇಳಿದಿತ್ತು.

"ಸೊಳ್ಳೆ ಔಷಧಿಯೋರು ಅವತ್ತು ಇಷ್ಟು ಹೇಳಿದ್ದಿದ್ರೆ ನನ್ನ ಗಂಡ ಇರ್ತಿದ್ದ," ಎಂದಳು. ಸೆರಗನ್ನು ಬಿಡಿಸಿ, ಕಟ್ಟೆಯ ಮೇಲಿನ ಮೂಳೆಗಳನ್ನು ಒಂದೊಂದಾಗಿ ಆರಿಸಿ ಅದರೊಳಗೆ ಹಾಕಿಕೊಳ್ಳತೊಡಗಿದಳು. "ಸಿಪ್ಪೆ ಕೊಡ್ತೀವಿ. ಅನ್ನ ಕೊಡ್ತೀವಿ. ಮೂಳೆ ನಮ್ಮ ಹತ್ರಾನೇ ಇರಲಿ."

"ಅಧ್ಯಕ್ಷರಿಗೆ ಸಿಪ್ಪೆ ಸಾಕು," ಎಂದಳು ಮೇಡಂ.

"ನೀನೂ ಮೂಳೆ ಹುಡುಕಬೇಡ."

"ಹುಡುಕಲ್ಲ."

ದೊಡ್ಡಮ್ಮ ಬಗ್ಗಿ ಕಟ್ಟೆಯ ಕೆಳಗೂ ನೋಡಿದಳು. ಜಾರಿ ಬಿದ್ದಿದ್ದ ಚೂರೊಂದನ್ನು ಹೆಕ್ಕಿ ಸೆರಗಿಗೆ ಸೇರಿಸಿ, ಗಂಟು ಹಾಕಿ, ಎರಡು ಸಲ ಎಳೆದು ಬಿಗಿ ಮಾಡಿದಳು.