ಮೆಲುಕು ಹಾಕದ ಕುರಿ

ಬೆಳಿಗ್ಗೆ ಆರು ಗಂಟೆ. ಬಿಂಡಿಗನವಿಲೆ ಹತ್ತಿರದ ಹೊಲದಲ್ಲಿ ತಿಮ್ಮರಾಜು ಕೋಲಿಗೆ ಗದ್ದ ಊರಿ, ನಿಂತಲ್ಲೇ ನಿದ್ದೆ ಹೋಗಿದ್ದರು. ಕನಸಿನಲ್ಲಿ ಅವರ ಕುರಿಗಳು ಮಂಜಿನ ಮೇಲೆ ಕಾಲಿಟ್ಟು, ಸದ್ದಿಲ್ಲದೆ ತೇಲಿಹೋಗುತ್ತಿದ್ದವು.

"ರೀ, ನಿಂತ್ಕಂಡೇ ಮಲಗಿದ್ದೀರಲ್ಲ. ಕುರಿ ಎಲ್ಲಿ ಅವೆ ನೋಡಿ," ಎಂದರು ಹೆಂಡತಿ ರಂಜಿತ.

ಕುರಿಗಳು ಪಕ್ಕದ ಕುಳ್ಳಯ್ಯನವರ ಅವರೆ ಹೊಲದಲ್ಲಿದ್ದವು.

ರಾತ್ರಿ ಮಂದೆ ಕಾಯುವುದು, ಹಗಲು ಮೇಯಿಸುವುದು. ವರ್ಷದಿಂದ ತಿಮ್ಮರಾಜು ಸರಿಯಾಗಿ ಮಲಗಿರಲಿಲ್ಲ. ತಲೆ ಭಾರ, ಎದೆ ಡವಡವ. ರಂಜಿತ ಅವರನ್ನು ಆರೋಗ್ಯ ಉಪಕೇಂದ್ರಕ್ಕೆ ಕರೆದೊಯ್ದರು. ಕುರಿ ಮೇಯ್ದ ಅವರೆಗಾಗಿ ಜಗಳವಾಡುತ್ತಾ ಕುಳ್ಳಯ್ಯನೂ ಹಿಂದೆಯೇ ಬಂದರು.

ಆರೋಗ್ಯ ಅಧಿಕಾರಿ ಚೈತ್ರ ಎರಡು ಸಲ ಬಿಪಿ ನೋಡಿದರು. ಹೆಚ್ಚಿತ್ತು.

"ಎಷ್ಟೊತ್ತು ಮಲಗ್ತೀರಿ ಅಣ್ಣ?"

"ಕೋಳಿನಿದ್ದೆ ಕಣವ್ವ. ನಂಗಷ್ಟೇ ಸಾಕು."

"ಸಾಲದು. ಚೆನ್ನಾಗಿ ಮಲಗಿದಾಗ ರಕ್ತದ ಒತ್ತಡ ಇಳಿಯುತ್ತೆ, ಗುಂಡಿಗೆ ನಿಧಾನವಾಗಿ ಬಡಿಯುತ್ತೆ. ದಿನಾ ನಿದ್ದೆ ಕೆಟ್ಟರೆ ಒತ್ತಡ ಇಳಿಯೋಕೆ ಹೊತ್ತೇ ಸಿಗಲ್ಲ. ವರ್ಷಗಟ್ಟಲೆ ಹಿಂಗೇ ಆದ್ರೆ ರಕ್ತನಾಳ ಪೆಡಸಾಗ್ತವೆ. ಹೃದಯಾಘಾತ, ಲಕ್ವದ ಅಪಾಯ ಜಾಸ್ತಿ."

"ಮಲಗ್ದಾಗ ಚಿರ್ತೆ ಬಂದ್ರೆ ನೀನ್ ಬಂದು ಓಡುಸ್ತೀಯಾ?"

ಚೈತ್ರ ನಕ್ಕರು. "ಅದಿರಲಿ. ಒಂದು ಕುರಿ ಮಲಗಲ್ಲ, ಮೆಲುಕೂ ಹಾಕಲ್ಲ. ಏನಂತೀರಿ?"

"ಕಾಯ್ಲೆ ಬಂದದೆ ಅಂತೀನಿ. ಕುರಿ ಕಾಯೋನ್ಗೆ ಅಷ್ಟೂ ಗೊತ್ತಾಗಕಿಲ್ವಾ?" ಎಂದರು ತಿಮ್ಮರಾಜು.

"ಆ ಕುರಿ ನೀನೇ ಕಣ್ಲಾ," ಎಂದರು ಕುಳ್ಳಯ್ಯ. "ಅವರೆ ಜಗಳ ಅತ್ಲಾಗಿರ್ಲಿ. ನಂದೂ ಮಂದೆ ಅದೆ. ಎರಡೂ ಒಂದೇ ಕಡೆ ಕಟ್ಟಾನ. ಒಂದಿನ ನಾನ್ ಕಾಯ್ತೀನಿ, ಒಂದಿನ ನೀನು. ರಾತ್ರಿ ಕಾದೋನು ಹಗಲು ಮಲ್ಗೋದು, ಇನ್ನೊಬ್ಬ ಮೇಯ್ಸೋದು."

"ನೀನ್ ಗೊರ್ಕೆ ಹೊಡೆದ್ರೆ?"

"ನನ್ ಗೊರ್ಕೆ ಕೇಳಿದ್ರೆ ಚಿರ್ತೆ ಅತ್ರ ಬರಕಿಲ್ಲ, ಬುಡ್ಲಾ."

"ನಿದ್ದೆಯೊಂದೇ ಸಾಲದು," ಎಂದು ಚೈತ್ರ ಎಚ್ಚರಿಸಿದರು. "ಇವತ್ತೇ ನಾಗಮಂಗಲದಲ್ಲಿ ಡಾಕ್ಟರನ್ನ ನೋಡಿ. ಮಾತ್ರೆ ಕೊಟ್ಟರೆ ನೀವಾಗೇ ನಿಲ್ಲಿಸಬೇಡಿ."

ತಿಮ್ಮರಾಜು, ರಂಜಿತ ಬಸ್ಸು ಹತ್ತಿ ಹೋಗಿ ಡಾಕ್ಟರಿಗೆ ತೋರಿಸಿ ಬಂದರು. ಅಂದು ರಾತ್ರಿ ಕಾವಲಿನ ಸರದಿ ಕುಳ್ಳಯ್ಯನದು. ತಿಮ್ಮರಾಜುವಿನ ಕನಸಿಗೆ ಕುರಿಗಳು ಮತ್ತೆ ಮಂಜಿನೊಳಗಿಂದ ಬಂದವು. ಈ ಸಲ ತೇಲಿಹೋಗಲಿಲ್ಲ. ಒಂದೊಂದಾಗಿ ಮಂಡಿಯೂರಿ ಮಲಗಿ, ಮೆಲುಕು ಹಾಕತೊಡಗಿದವು.

ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ನಿಮ್ಮ ಮನೆಯಲ್ಲಿ ಕೋಳಿನಿದ್ದೆಯಲ್ಲೇ ದಿನ ದೂಡುವವರಿದ್ದರೆ, ಅವರ ಕೆಲಸದ ಒಂದು ಸರದಿ ನೀವು ವಹಿಸಿಕೊಳ್ಳಿ. ಅವರ ಬಿಪಿಯನ್ನೂ ಒಮ್ಮೆ ನೋಡಿಸಿ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ತಿಮ್ಮರಾಜು ಇನ್ನೂ ಮಲಗಿದ್ದರು. ಕುರಿಗಳೆಲ್ಲ ಮಂದೆಯಲ್ಲೇ ಇದ್ದವು.