ಬರೆಯದ ಪರೀಕ್ಷೆಯ ಅಂಕ

"ಆಚೆ ನಿಂತ್ಕೊಳ್ಳೇ ಮುಂಡೆ, ಕಕ್ಕಸಿನ ನೀರೆಲ್ಲ ಕೋಣೆಗೆ ತಂದಿದ್ದೀಯ!" ಎಂದು ಹೆಡ್‌ಮೇಷ್ಟ್ರು ಸಿಡುಕಿದರು.

ಶಾಲೆಯ ಕಕ್ಕಸು ತೊಳೆಯುವವಳು ಹೊಸ್ತಿಲಾಚೆ ಸರಿದು ನಿಂತಳು. ಆದರೆ ಹೋಗಲಿಲ್ಲ. ಹತ್ತನೇ ಕ್ಲಾಸಿನ ದೊಡ್ಡ ಪರೀಕ್ಷೆಗೆ ಶಾಲೆಯಿಂದ ಅವಳ ಮಗಳ ಹೆಸರನ್ನೇ ಕಳಿಸಿರಲಿಲ್ಲ.

"ಹುಡುಗಿ ಚೆನ್ನಾಗೇ ಓದ್ತಾಳಲ್ಲ ಸಾರ್?"

"ಫೇಲಾಗ್ತಾಳೆ. ನೂರಕ್ಕೆ ಇಪ್ಪತ್ತೊಂಬತ್ತು ಅಂತ ಕಂಪ್ಯೂಟರೇ ಹೇಳಿದೆ."

"ಇನ್ನೂ ಬರೆದೇ ಇಲ್ವಲ್ಲ!"

ಮೇಷ್ಟ್ರಿಗೆ ನಗು ಬಂತು, ದಡ್ಡಿಗೆ ಪಾಠ ಹೇಳುವ ಹುಮ್ಮಸ್ಸೂ ಬಂತು. "ಹಳೇ ಮಕ್ಕಳ ಅಂಕ ಎಲ್ಲಾ ಹಾಕಿ ಲೆಕ್ಕ ಕಟ್ಟಿದೀವಿ. ತಾಯಿ ಓದಿಲ್ವಾ, ಇಷ್ಟು ಕಳೆ. ಅಪ್ಪ ಇಲ್ವಾ, ಇಷ್ಟು ಕಳೆ. ಒಂದೇ ಕೋಣೆ ಮನೆನಾ, ಇನ್ನಷ್ಟು ಕಳೆ. ಕೊನೇಲಿ ಉಳಿಯೋದೇ ಅಂಕ. ಅಂಥವರನ್ನ ಕೂರಿಸಿ ಶಾಲೆ ಮಾನ ಕಳೀಬೇಕಾ?"

"ಅವರಪ್ಪ ಸತ್ತಿದ್ದಕ್ಕೂ ಅವಳ ಅಂಕಾನೇ ಕಳೀತೀರಾ ಸಾರ್?"

"ಅದೆಲ್ಲ ಚಿಲ್ಲರೆ ಕಣೆ. ಅವಳು ಮುಳುಗಿದ್ದು ಮನೇಲಿ ಓದೋ ಹೊತ್ತಲ್ಲಿ. ಸೊನ್ನೆ! ನೀನೇ ಹೇಳಿದ್ದಲ್ವಾ?"

ಹೇಳಿದ್ದು ನಿಜ. ಮಕ್ಕಳ ವಿವರ ಬರೆದುಕೊಳ್ಳಲು ಮನೆಗೆ ಬಂದಿದ್ದ ಕ್ಲಾಸ್ ಮೇಷ್ಟ್ರ ಮುಂದೆ ಅವಳು ಉಬ್ಬಿ ಹೇಳಿದ್ದಳು: ಸಂಜೆ ಬಂದರೆ ಪುಸ್ತಕ ಮುಟ್ಟಲ್ಲ ಸಾರ್, ಅಡುಗೆ, ಪಾತ್ರೆ, ತಮ್ಮನನ್ನ ನೋಡ್ಕೊಳ್ಳೋದು ಎಲ್ಲ ಅವಳೇ, ಬಂಗಾರದಂಥ ಮಗಳು. ಹೆತ್ತವಳು ಮಗಳನ್ನು ಇನ್ನು ಹೇಗೆ ಹೊಗಳಬೇಕು? ಹುಡುಗಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೇ ಒಲೆ ಊದುತ್ತಿದ್ದಳು. ಅದನ್ನು ಹೇಳಿದರೆ ಕೆಲಸಗಳ್ಳಿ ಅಂದುಕೊಂಡಾರೆಂದು ಬಾಯಿ ಮುಚ್ಚಿಕೊಂಡಿದ್ದಳು. ಈಗ ಆ ಬಾಯಿಗೇ ಹೊಡೆದುಕೊಳ್ಳಬೇಕೆನಿಸಿತು.

"ಅದು ಸುಳ್ಳು ಸಾರ್. ತಿದ್ದಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹೆಸರೆಲ್ಲ ಹೋಗಿಯಾಯ್ತು. ನಡಿ, ಹುಡುಗರ ಕಕ್ಕಸು ಕಟ್ಕೊಂಡಿದೆ."

ಅವಳು ನಡೆದಳು. ಬಕೆಟ್ಟು, ಪೊರಕೆ ಎತ್ತಿಕೊಂಡು ಅದೇ ಕೋಣೆಗೆ ಮರಳಿ ಬಂದಳು. ಎರಡನ್ನೂ ಮೇಷ್ಟ್ರ ಮೇಜಿನ ಮೇಲೆ, ಕಂಪ್ಯೂಟರಿನ ಮುಂದೆ ಕುಕ್ಕಿದಳು. ಕೊಳಕು ನೀರು ತುಳುಕಿ ಅವರ ಬಿಳಿ ಅಂಗಿಗೆ ಸಿಡಿಯಿತು.

"ನಾಳೆ ನಿನ್ನ ಕಕ್ಕಸು ತೊಳೆಯೋರು ಯಾರು ಅಂತಾನೂ ಅದನ್ನೇ ಕೇಳ್ಕೊಳ್ಳೋ, ಬೇವರ್ಸಿ!"

ಮನೆಯಲ್ಲಿ ಮಗಳು ಪಾತ್ರೆ ಉಜ್ಜುತ್ತಿದ್ದಳು. ತಾಯಿ ಬಂದವಳೇ ಪಾತ್ರೆಯನ್ನು ಕೈಯಿಂದ ಕಿತ್ತುಕೊಂಡಳು. "ಬಿಡು ಇದನ್ನ. ಹೋಗಿ ಓದ್ಕೋ ನನ್ನವ್ವ."

ಹುಡುಗಿ ಬೂದಿ ಮೆತ್ತಿದ ಕೈಗಳನ್ನೇ ನೋಡಿಕೊಂಡಳು.

"ಯಾವ ಪರೀಕ್ಷೆಗಮ್ಮಾ?"