ವೀಸಾ ಓನರ್ ಕೈಯಲ್ಲಿಲ್ಲ, ತನ್ವಿ

ಆಸ್ಟ್ರೇಲಿಯಾದ ಪರ್ತ್ ಬಳಿಯ ಜೂಂಡಲಪ್‌ನ ಆ ಫ್ಲ್ಯಾಟ್‌ನಲ್ಲಿ ಹಗಲು ಹೊತ್ತಿನಲ್ಲೂ ಕಿಟಕಿಯ ಬ್ಲೈಂಡ್ಸ್ ಇಳಿದೇ ಇರುತ್ತಿದ್ದವು. ಬೆಲ್ ಆಯಿತೆಂದರೆ ತನ್ವಿ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು.

ಅವಳೇನೂ ಕದ್ದವಳಲ್ಲ. ಪುಟ್ಟ ಮಕ್ಕಳ ಟೀಚರ್. ಪರ್ತ್‌ನಲ್ಲೇ ಓದಿ ಡಿಗ್ರಿ ತೆಗೆದುಕೊಂಡು, ಒಂದು ಚೈಲ್ಡ್‌ಕೇರ್ ಸೆಂಟರ್‌ನವರು ಸ್ಪಾನ್ಸರ್ ಮಾಡಿದ ವೀಸಾದ ಮೇಲೆ ಕೆಲಸಕ್ಕೆ ಸೇರಿದ್ದಳು. ಎರಡು ವರ್ಷ ಇರುತ್ತೇನೆ ಅಂತ ಕಾಂಟ್ರಾಕ್ಟ್‌ಗೆ ಸಹಿಯನ್ನೂ ಹಾಕಿದ್ದಳು. ಒಂದು ದಿನ ಮಧ್ಯದಲ್ಲೇ ಬಿಟ್ಟು ಬಂದುಬಿಟ್ಟಳು. ಬರುವಾಗ ಸೆಂಟರ್‌ನ ಓನರ್ ಹೇಳಿದ ಮಾತು ಒಂದೇ: "ನಾನು ಒಂದು ಫೋನ್ ಮಾಡಿದ್ರೆ ಸಾಕು, ನಿನ್ನ ವೀಸಾ ಕ್ಯಾನ್ಸಲ್."

ಅಂದಿನಿಂದ ತನ್ವಿಗೆ ಯಾರು ಬೆಲ್ ಮಾಡಿದರೂ ಇಮಿಗ್ರೇಷನ್‌ನವರು ಬಂದ ಹಾಗೆ.

ಆಗಷ್ಟೇ ಮೈಸೂರಿನಿಂದ ಮಗಳನ್ನು ನೋಡಲು ಬಂದಿದ್ದ ನಾಗವೇಣಿಗೆ ಇದೆಲ್ಲ ತಲೆನೋವಾಗಿತ್ತು. "ಸಹಿ ಹಾಕಿದ ಮೇಲೆ ಮುಗೀತಲ್ವೇನೆ? ಹೋಗಿ ಸಾರಿ ಕೇಳು. ಮತ್ತೆ ಸೇರಿಸ್ಕೊಳ್ತಾರೆ," ಅಂತ ದಿನಾ ಹೇಳುತ್ತಿದ್ದರು. ಮಗಳು ಮಾತಾಡುತ್ತಿರಲಿಲ್ಲ. ಅವಳು ಸುಮ್ಮನಿದ್ದಷ್ಟೂ ಅಮ್ಮನಿಗೆ ತಪ್ಪು ಇವಳದೇ ಅನ್ನಿಸುತ್ತಿತ್ತು.

ಒಂದು ಶನಿವಾರ ಬೆಲ್ ಆಯಿತು. ತನ್ವಿ ಎಂದಿನಂತೆ ಬಾತ್‌ರೂಮಿಗೆ ಓಡಿದಳು. ನಾಗವೇಣಿ ಬಾಗಿಲು ತೆಗೆದರೆ, ಪಕ್ಕದ ಬೀದಿಯ ಡಾಕ್ಟರ್ ಇಂದುಮತಿ. ಕೈಯಲ್ಲಿ ಕರಿಬೇವಿನ ಕಟ್ಟು.

"ತನ್ವಿ ಎಲ್ಲಿ? ಫೋನೂ ಎತ್ತಲ್ಲ, ದೇವಸ್ಥಾನಕ್ಕೂ ಬರಲ್ಲ."

ನಾಗವೇಣಿ ಬಾತ್‌ರೂಮಿನ ಕಡೆ ಬೆರಳು ತೋರಿಸಿದರು. "ಅಲ್ಲಿದ್ದಾಳೆ. ನಿಮ್ಮನ್ನ ಪೊಲೀಸ್ ಅಂದ್ಕೊಂಡಿದ್ದಾಳೆ."

ಇಂದುಮತಿಗೆ ನಗು ಬಂತು. ಆದರೆ ಹೊರಗೆ ಬಂದ ತನ್ವಿಯ ಮುಖ ನೋಡಿದಾಗ ನಗು ನಿಂತುಹೋಯಿತು. ಹುಡುಗಿ ಇಳಿದುಹೋಗಿದ್ದಳು.

ಕಾಫಿ ಕುಡಿಯುತ್ತಾ ಓನರ್ ಹೆದರಿಸಿದ ವಿಷಯ ಹೊರಬಂತು. ಇಂದುಮತಿ ಕೇಳಿದರು, "ತನ್ವಿ, ನಿನಗೆ ವೀಸಾ ಕೊಟ್ಟಿದ್ದು ಯಾರು?"

"ಓನರ್, ಆಂಟಿ."

"ಅವ್ರು ಸ್ಪಾನ್ಸರ್ ಮಾಡಿದ್ರು ಅಷ್ಟೆ. ವೀಸಾ ಕೊಟ್ಟಿದ್ದು ಸರ್ಕಾರ. ತೆಗೆಯೋದಿದ್ರೂ ಸರ್ಕಾರವೇ ತೆಗೀಬೇಕು. ಅದಕ್ಕೂ ಒಂದು ಕ್ರಮ ಇದೆ. ಯಾರೋ ಸಿಟ್ಟಲ್ಲಿ ಫೋನ್ ಮಾಡಿದ ತಕ್ಷಣ ಆಗೋದಲ್ಲ ಅದು. ನಾನೂ ಆಸ್ಪತ್ರೆ ಸ್ಪಾನ್ಸರ್ ಮಾಡಿದ ವೀಸಾದಲ್ಲೇ ಬಂದವಳು ಕಣೇ."

ನಾಗವೇಣಿಗೆ ಸಮಾಧಾನವಾಗಲಿಲ್ಲ. "ಇಂದುಮತಿಯವ್ರೇ, ವೀಸಾ ಹಾಗಿರಲಿ. ಕೊಟ್ಟ ಮಾತು? ನಮ್ಮನೇಲಿ ಯಾರೂ ಹೀಗೆ ಅರ್ಧಕ್ಕೆ ಎದ್ದು ಬಂದವರಲ್ಲ."

ಕೆಲಸ ಬಿಟ್ಟ ಕಾರಣವನ್ನು ತನ್ವಿ ಆಗ ಮೊದಲ ಸಲ ಬಾಯಿಬಿಟ್ಟಳು. "ಅಮ್ಮಾ, ಬೇಬಿ ರೂಮಲ್ಲಿ ನನ್ನೊಬ್ಬಳನ್ನೇ ಬಿಡ್ತಿದ್ರು. ಇನ್ನೊಬ್ಬ ಟೀಚರ್ ಬರ್ತಾರೆ, ಬರ್ತಾರೆ ಅಂತಾನೇ ತಿಂಗಳುಗಟ್ಟಲೆ. ಅವತ್ತು ಒಂದು ಮಗೂಗೆ ನ್ಯಾಪಿ ಬದಲಾಯಿಸ್ತಿದ್ದೆ. ಹಿಂದೆ ಇನ್ನೊಂದು ಮಗು ಸೇಬಿನ ಚೂರು ಗಂಟಲಿಗೆ ಸಿಕ್ಕಿಸ್ಕೊಂಡಿತ್ತು. ಶಬ್ದಾನೇ ಇಲ್ಲ ಅಮ್ಮಾ. ತಿರುಗಿ ನೋಡಿದ್ರೆ ಮುಖ ನೀಲಿ. ಎತ್ತಿ ಬೆನ್ನು ಬಡಿದೆ, ಚೂರು ಹೊರಗೆ ಬಂತು. ಮಗು ಅತ್ತಾಗ ನಂಗೆ ಜೀವ ಬಂತು. ಓನರ್‌ಗೆ ಹೇಳಿದ್ರೆ, 'ಏನೂ ಆಗ್ಲಿಲ್ವಲ್ಲ, ನಾಳೆ ಬೇಗ ಬಾ' ಅಂದ್ರು."

ನಾಗವೇಣಿ ಲೋಟ ಕೆಳಗಿಟ್ಟರು. ಆಮೇಲೆ ಮಗಳ ಕೈ ಹಿಡಿದುಕೊಂಡು, "ಇದನ್ನ ನಂಗೆ ಮೊದಲೇ ಹೇಳೋಕೆ ಏನಾಗಿತ್ತು? ಇಷ್ಟು ದಿನ ಅಲ್ಲಿಗೇ ವಾಪಸ್ ಹೋಗು ಅಂತಿದ್ನಲ್ಲೇ," ಅಂದರು.

ಸೋಮವಾರ ಮೂವರೂ ಟ್ರೇನ್ ಹತ್ತಿ ಪರ್ತ್ ಸಿಟಿಗೆ ಹೋದರು. ಅಲ್ಲಿ ಉಚಿತವಾಗಿ ಸಲಹೆ ಕೊಡುವ ಒಂದು ಕಾನೂನು ನೆರವಿನ ಕಚೇರಿ. ವಕೀಲೆ ಇಂಗ್ಲಿಷ್ ಮಾತಾಡುವವರು. ನಾಗವೇಣಿಗೂ ಅರ್ಥವಾಗಲಿ ಅಂತ ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆಸಿದರು. ಆ ಕಡೆಯಿಂದ ಅಪ್ಪಟ ಧಾರವಾಡದ ದನಿ! ನಾಗವೇಣಿಗೆ ಅರ್ಧ ಧೈರ್ಯ ಅಲ್ಲೇ ಬಂತು. ತಮಗೆ ಕೊರೆಯುತ್ತಿದ್ದುದನ್ನು ತಾವೇ ಕೇಳಿಬಿಟ್ಟರು: "ನನ್ನ ಮಗಳು ಮಾತು ಮುರಿದ ಹಾಗಾಯ್ತಾ?"

ವಕೀಲೆಯ ಉತ್ತರ ಫೋನಿನಲ್ಲಿ ಕನ್ನಡವಾಗಿ ಬಂತು. "ಕಾಂಟ್ರಾಕ್ಟ್‌ಗೆ ಎರಡು ಕಡೆ ಇರ್ತಾವ್ರೀ ಅಮ್ಮಾ. ಮಕ್ಕಳನ್ನ ಸುರಕ್ಷಿತ ಇಡೂದು ಆ ಕಡೆಯವ್ರ ಹೊಣೆ ಆಗಿತ್ತು. ನಿಮ್ಮ ಮಗಳು ನೋಟಿಸ್ ಕೊಡದ ಬಿಟ್ಟು ಬಂದಾಳ. ಅದು ಸರಿಯಾಗಿಲ್ಲ. ಅದನ್ನ ಬರದು ತಿಳಿಸಿ ಬಗಿಹರಿಸ್ಕೋಬಹುದು. ಆದ್ರ ಅದು ಕೆಲಸದ ತಕರಾರು, ವೀಸಾದ ತಕರಾರು ಅಲ್ಲ. ಎರಡೂ ಬ್ಯಾರೆ ಬ್ಯಾರೆ."

ವಕೀಲೆ ತನ್ವಿಗೆ ಇನ್ನೂ ಬಿಡಿಸಿ ಹೇಳಿದರು. ಕೆಲಸ ಬಿಟ್ಟ ಸುದ್ದಿಯನ್ನು ಓನರ್ ಇಮಿಗ್ರೇಷನ್ ಇಲಾಖೆಗೆ ತಿಳಿಸಲೇಬೇಕು. ಅದು ನಿಯಮ, ದ್ವೇಷವಲ್ಲ. ಅವಳ ವೀಸಾದಲ್ಲಿ ಹೊಸ ಸ್ಪಾನ್ಸರ್ ಹುಡುಕಲು ಕೆಲವು ತಿಂಗಳ ಕಾಲಾವಕಾಶವಿದೆ. ಅದು ಕೆಲಸ ಬಿಟ್ಟ ದಿನದಿಂದಲೇ ಶುರು. ಹೆದರಿ ಮನೆಯಲ್ಲಿ ಕೂತರೂ ಅದು ಕಳೆಯುತ್ತಲೇ ಇರುತ್ತದೆ. ಹಾಗೆಯೇ, ವೀಸಾ ಹೋಗುತ್ತದೆ ಅಂತ ಹೆದರಿಸಿ ಕೆಲಸ ಮಾಡಿಸುವುದು ಈ ದೇಶದಲ್ಲಿ ಅಪರಾಧ.

ತನ್ವಿಗೆ ಅಳು ಬಂತು. "ಇಷ್ಟು ವಾರ ಸುಮ್ನೆ ಕಳೆದುಬಿಟ್ನಲ್ಲ."

"ಉಳಿದಿದೆಯಲ್ಲ, ಅದು ಮುಖ್ಯ," ಅಂದರು ಇಂದುಮತಿ.

ಆ ವಾರವೇ ತನ್ವಿ ಓನರ್‌ಗೆ ಇಮೇಲ್ ಬರೆದಳು. ನೋಟಿಸ್ ಕೊಡದೆ ಬಂದದ್ದಕ್ಕೆ ವಿಷಾದ ತಿಳಿಸಿದಳು. ಬಿಟ್ಟದ್ದು ಯಾಕೆ ಅಂತಲೂ ಮುಚ್ಚುಮರೆಯಿಲ್ಲದೆ ಬರೆದಳು. ಬೇಬಿ ರೂಮಿನ ವಿಷಯವನ್ನು ಸೆಂಟರ್‌ಗಳ ಮೇಲ್ವಿಚಾರಣೆ ಮಾಡುವವರಿಗೆ ತಿಳಿಸಿದಳು. ಅವರು ಬಂದು ನೋಡಿದ ಮೇಲೆ ಅಲ್ಲಿಗೆ ಇನ್ನೊಬ್ಬ ಟೀಚರ್ ಬಂದರು. ಓನರ್ ಕಡೆಯಿಂದ ತಕರಾರೇನೂ ಬರಲಿಲ್ಲ.

ಕೆಲಸ ಮಾತ್ರ ಬೇಗ ಸಿಗಲಿಲ್ಲ. ಬ್ರಿಸ್ಬೇನ್‌ನ ಒಂದು ಸೆಂಟರ್‌ನವರು ಸ್ಪಾನ್ಸರ್ ಮಾಡುವುದಿಲ್ಲ ಅಂದರು. ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಅಡಿಲೇಡ್‌ನಿಂದ ಕರೆ ಬಂತು. ಇಂಟರ್‌ವ್ಯೂ ಮುಗಿದ ಮೇಲೆ "ನಿಮಗೇನಾದ್ರೂ ಕೇಳೋದಿದೆಯಾ?" ಅಂದಾಗ, ತನ್ವಿ ಸಂಬಳ ಕೇಳಲಿಲ್ಲ. "ಒಂದು ರೂಮಿಗೆ ಎಷ್ಟು ಜನ ಟೀಚರ್ಸ್?" ಅಂತ ಕೇಳಿದಳು. ಆ ಪ್ರಶ್ನೆ ಅಲ್ಲಿನ ಮ್ಯಾನೇಜರ್‌ಗೆ ಬಹಳ ಹಿಡಿಸಿತು. ಕಾಲಾವಕಾಶ ಮುಗಿಯುವ ಮೊದಲೇ ಹೊಸ ಸ್ಪಾನ್ಸರ್‌ಶಿಪ್ ಮಂಜೂರಾಯಿತು.

ಈಗ ತನ್ವಿ ಅಡಿಲೇಡ್‌ನಲ್ಲಿದ್ದಾಳೆ. ನಾಗವೇಣಿ ಊರಿಗೆ ಹೊರಡುವ ಮುಂಚೆ ಒಂದು ದಿನ ಅವಳ ಸೆಂಟರ್‌ಗೆ ಹೋಗಿ ಬಂದರು. ತೊಡೆಯ ಮೇಲೊಂದು, ಬೆನ್ನಿಗೊಂದು ಮಗು ಆತುಕೊಂಡಿದ್ದ ಮಗಳನ್ನು ಕಿಟಕಿಯಿಂದಲೇ ನೋಡಿ, ಕರೆಯದೆ ಸುಮ್ಮನೆ ನಿಂತಿದ್ದರಂತೆ.

ಇದನ್ನು ಕೇಳುತ್ತಿರುವ ನಮ್ಮ ಹುಡುಗ ಹುಡುಗಿಯರೇ, ಕಾಂಟ್ರಾಕ್ಟ್ ಮುರಿಯಿರಿ ಅಂತ ನಾವು ಹೇಳುತ್ತಿಲ್ಲ. ಸಹಿ ಹಾಕುವ ಮೊದಲು ಓದಿ, ಬಿಡುವುದಿದ್ದರೆ ನೋಟಿಸ್ ಕೊಟ್ಟು ಬಿಡಿ. ಅಕಸ್ಮಾತ್ ಬಿಟ್ಟು ಬಂದಿದ್ದೀರಾ? ವಾಟ್ಸಾಪ್ ಗ್ರೂಪಿನ ಮಾತು ನಂಬಿಕೊಂಡು ಕೂರಬೇಡಿ. ಒಬ್ಬೊಬ್ಬರ ವೀಸಾಗೂ ಷರತ್ತು ಬೇರೆ, ನಿಯಮಗಳೂ ಬದಲಾಗುತ್ತಿರುತ್ತವೆ. ನೋಂದಾಯಿತ ಮೈಗ್ರೇಷನ್ ಏಜೆಂಟ್ ಅಥವಾ ವಕೀಲರನ್ನು ಕೇಳಿ. ಇಂಗ್ಲಿಷ್ ತೊಡಕಾದರೆ ಕನ್ನಡದ ದುಭಾಷಿ ಬೇಕು ಅಂತ ಹೇಳಿ. ಮನೆಯವರಿಗೂ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಿ. ಹೆದರಿಕೆಯಲ್ಲಿ ಕಳೆದ ದಿನವನ್ನು ಯಾವ ಇಲಾಖೆಯೂ ವಾಪಸ್ ಕೊಡುವುದಿಲ್ಲ. ಇವತ್ತೇ ಕೇಳಿ.